ನಮ್ಮ ಮನೆಯ ಏಳು ರಾತ್ರಿಯ ಊಟ: ಒಂದು ಅಧ್ಯಯನ

 

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮಗೆಲ್ಲಾ ಗೊತ್ತು. ಆದರೆ ಊಟ ಬಲ್ಲವರು ಅಂದರೆ ಯಾರು? ಜಾಸ್ತಿ ಉಣ್ಣೋರಾ? ರುಚಿಯಾಗಿ ಮಾಡೋರಾ? ವಿಜ್ಞಾನದಲ್ಲಿ ಆಹಾರದ ಪಾಠ ಮುಗಿದ ಮೇಲೆ ನಮ್ಮ ಮೇಷ್ಟ್ರು "ಕೋಷ್ಟಕ ಬಾಯಿಪಾಠ ಮಾಡಿದರೆ ಸಾಲದು, ನಿಮ್ಮ ನಿಮ್ಮ ಮನೆ ಒಲೆ ಮುಂದೆ ಕೂತು ಒಂದು ವಾರ ನೋಡಿ ಬರೀರಿ" ಅಂದರು. ಅದಕ್ಕೆ ಸಂಕ್ರಾಂತಿ ಕಳೆದ ಮೇಲಿನ ವಾರ, ಸೋಮವಾರದಿಂದ ಭಾನುವಾರದವರೆಗೆ, ನಮ್ಮ ಮನೆಯ ರಾತ್ರಿ ಊಟವನ್ನು ನಾನು ದಿನಾ ಪುಸ್ತಕದಲ್ಲಿ ಬರೆದಿಟ್ಟೆ. ಅದನ್ನೇ ಇಲ್ಲಿ ಕೊಟ್ಟಿದ್ದೇನೆ.

ನಾನು ಬರೆದುಕೊಂಡದ್ದು ಮೂರು ವಿಷಯ. ಒಂದು, ಏನು ಮಾಡಿದ್ದರು. ಎರಡು, ಅದರಲ್ಲಿ ಮೈಗೆ ಬೇಕಾದ್ದು ಏನಿದೆ. ಮೂರು, ಯಾರು ಯಾವಾಗ ಉಂಡರು, ಅವರ ತಟ್ಟೆಗೆ ಏನು ಬಿತ್ತು. ಮೂರನೆಯದು ಪುಸ್ತಕದಲ್ಲಿ ಇಲ್ಲ. ಅದನ್ನು ಬರೆಯಲು ಒಂದು ಕಾರಣ ಇದೆ. ಡಿಸೆಂಬರಿನಲ್ಲಿ ನಮ್ಮೂರಿಗೆ ರಕ್ತ ಪರೀಕ್ಷೆ ಮಾಡುವವರು ಬಂದಿದ್ದರು. ನಮ್ಮ ಅವ್ವನ ರಕ್ತದಲ್ಲಿ ಹಿಮೋಗ್ಲೋಬಿನ್ 9 ಗ್ರಾಂ ಇತ್ತು. ಹೆಂಗಸರಿಗೆ ಕಡೇಪಕ್ಷ 12 ಗ್ರಾಂ ಇರಬೇಕು. ಆಶಾ ಅಕ್ಕ ಮಾತ್ರೆ ಕೊಟ್ಟು, "ಚೆನ್ನಾಗಿ ಉಣ್ಣಬೇಕು ಕಣಮ್ಮ" ಅಂದರು. ಅವ್ವ "ಮನೇಲಿ ಎಲ್ಲಾ ಮಾಡ್ತೀನಿ, ಉಣ್ದೆ ಏನು" ಅಂದಳು. ಎಲ್ಲಾ ಮಾಡುವ ಮನೆಯಲ್ಲಿ ರಕ್ತ ಯಾಕೆ ಕಮ್ಮಿ ಎಂಬುದೇ ಈ ಅಧ್ಯಯನದ ಪ್ರಶ್ನೆ.

1. ನಮ್ಮ ಮನೆ ಮತ್ತು ನಮ್ಮ ಸೀಮೆ

ನಮ್ಮೂರು ಮಂಡ್ಯ ಜಿಲ್ಲೆಯಲ್ಲಿದ್ದರೂ ಕಾಲುವೆ ನೀರು ಬಾರದ ನಾಗಮಂಗಲದ ಕಡೆಯದು. ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ, ಅಲಸಂದೆ, ತೊಗರಿ ಬೆಳೆಯುತ್ತೇವೆ. ತೆಂಗು ಸ್ವಲ್ಪ ಇದೆ. ಮನೆಯಲ್ಲಿ ತಾತ, ಅಜ್ಜಿ, ಅಪ್ಪ, ಅವ್ವ, ಅಕ್ಕ, ನಾನು, ತಮ್ಮ, ಒಟ್ಟು ಏಳು ಜನ. ಒಂದು ಕೆ.ಜಿ. ರಾಗಿಹಿಟ್ಟಿಗೆ ಅವ್ವ ಎಂಟು ಮುದ್ದೆ ಕಟ್ಟುತ್ತಾಳೆ. ತಮ್ಮನಿಗೆ ಅರ್ಧ, ಅಜ್ಜಿಗೆ ಅರ್ಧ, ಅಪ್ಪನಿಗೆ ಎರಡು, ಉಳಿದವರಿಗೆ ಒಂದೊಂದು. ಮಿಕ್ಕಿದ್ದು ಬೆಳಿಗ್ಗೆ ಮಜ್ಜಿಗೆಗೆ.

2. ಮುದ್ದೆಯ ಲೆಕ್ಕ

ಏಳು ರಾತ್ರಿಯಲ್ಲಿ ಆರು ರಾತ್ರಿ ಮುದ್ದೆ ಇತ್ತು. ಆದ್ದರಿಂದ ಮೊದಲು ಅದರ ವಿಷಯ.

ಎಸರು ಕುದಿಯುವಾಗ ಸ್ವಲ್ಪ ಹಿಟ್ಟು ಕದಡಿ ಬಿಡಬೇಕು. ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿಯಬೇಕು. ಕೂಡಲೇ ತಿರುವಬಾರದು. ಹಿಟ್ಟು ಬೇಯಲು ಬಿಟ್ಟು ಆಮೇಲೆ ಕೋಲಿನಲ್ಲಿ ಗಂಟಿಲ್ಲದಂತೆ ತಿರುವಬೇಕು. ಅಜ್ಜಿ ಹೇಳುವುದು: "ಹಿಟ್ಟು ಬೆಂದಿದ್ರೆ ಕೈಗೆ ಅಂಟಲ್ಲ, ಹೊಟ್ಟೇಲಿ ನಿಲ್ಲಲ್ಲ."

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಅದು 1918ರಲ್ಲಿ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂತು. ನಮ್ಮ ದೇಶದ 528 ಆಹಾರಗಳನ್ನು ಪರೀಕ್ಷಿಸಿ ಅದು 2017ರಲ್ಲಿ ಒಂದು ದೊಡ್ಡ ಪಟ್ಟಿ ಪ್ರಕಟಿಸಿತು. ಅದರಿಂದ ಮೇಷ್ಟ್ರು ನನಗೆ ಬರೆದುಕೊಟ್ಟ ಅಂಕಿ ಹೀಗಿವೆ (100 ಗ್ರಾಂಗೆ):

ರಾಗಿ: ಸುಣ್ಣದಂಶ 364 ಮಿ.ಗ್ರಾಂ., ಕಬ್ಬಿಣಾಂಶ 4.6 ಮಿ.ಗ್ರಾಂ.
ಬಿಳಿ ಅಕ್ಕಿ: ಸುಣ್ಣದಂಶ ಸುಮಾರು 7 ಮಿ.ಗ್ರಾಂ., ಕಬ್ಬಿಣಾಂಶ 1 ಮಿ.ಗ್ರಾಂ.ಗಿಂತ ಕಡಿಮೆ
ಹುರುಳಿ: ಸಸಾರಜನಕ ಸುಮಾರು 22 ಗ್ರಾಂ, ಕಬ್ಬಿಣಾಂಶ 8 ಮಿ.ಗ್ರಾಂ.ಗಿಂತ ಹೆಚ್ಚು
ನುಗ್ಗೆಸೊಪ್ಪು: ಸುಣ್ಣದಂಶ 314 ಮಿ.ಗ್ರಾಂ., ಕಬ್ಬಿಣಾಂಶ 4.5 ಮಿ.ಗ್ರಾಂ.

ನಮ್ಮ ಅವ್ವನ ಒಂದು ಮುದ್ದೆಗೆ 125 ಗ್ರಾಂ ಹಿಟ್ಟು. ಅಂದರೆ ಒಂದೇ ಮುದ್ದೆಯಲ್ಲಿ 400 ಮಿ.ಗ್ರಾಂ.ಗಿಂತ ಹೆಚ್ಚು ಸುಣ್ಣದಂಶ ಬಂತು. ಮೂಳೆ, ಹಲ್ಲಿಗೆ ಇದು ಬಹಳ ಒಳ್ಳೆಯದು. "ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ" ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಆದರೆ ಒಂದು ತೊಡಕು ಇದೆ. ರಾಗಿಯಲ್ಲಿ ಇರುವ ಕಬ್ಬಿಣಾಂಶವೆಲ್ಲ ರಕ್ತಕ್ಕೆ ಸೇರುವುದಿಲ್ಲ. ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್ ಮತ್ತು ಫೈಟೇಟ್ ಎಂಬ ವಸ್ತುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಬಿಡಿಸಲು ಜೊತೆಗಾರರು ಬೇಕು: ನಿಂಬೆಹುಳಿ, ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವ, ಇಲ್ಲವೇ ಮಾಂಸ. ಅಲ್ಲದೆ ರಾಗಿಯಲ್ಲಿ ಕಮ್ಮಿ ಇರುವ ಸಸಾರಜನಕದ ಭಾಗವನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಕಮ್ಮಿ ಇರುವುದನ್ನು ರಾಗಿ ತುಂಬುತ್ತದೆ. ಆದ್ದರಿಂದ ಮುದ್ದೆ ಒಂದೇ ಊಟ ಅಲ್ಲ. ಮುದ್ದೆ, ಕಾಳು, ಸೊಪ್ಪು ಮೂರೂ ಸೇರಿದರೆ ಊಟ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿರಿ.

ನಿಮಗಿದು ಗೊತ್ತೇ?
(ಅ) ಕನಕದಾಸರು "ರಾಮಧಾನ್ಯ ಚರಿತೆ" ಎಂಬ ಕಾವ್ಯ ಬರೆದಿದ್ದಾರೆ. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ರಾಗಿ ಕೆಡದೆ ಉಳಿದು ಗೆಲ್ಲುತ್ತದೆ. ನಮ್ಮ ತಾತನ ಕಾಲದಲ್ಲಿ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಇರುತ್ತಿತ್ತಂತೆ.
(ಆ) ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್.
(ಇ) ವಿಶ್ವಸಂಸ್ಥೆಯು 2023ನೇ ವರ್ಷವನ್ನು ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು.

3. ಏಳು ರಾತ್ರಿಗಳು

ನಮ್ಮ ಮನೆಯಲ್ಲಿ ಉಣ್ಣುವ ಕ್ರಮ ಹೀಗೆ. ಮೊದಲು ತಾತ, ಅಪ್ಪ, ತಮ್ಮ. ಆಮೇಲೆ ಅಜ್ಜಿ, ಅಕ್ಕ, ನಾನು. ಕೊನೆಗೆ ಅವ್ವ. ಏಳು ರಾತ್ರಿಯೂ ಇದು ಬದಲಾಗಲಿಲ್ಲ.

ಸೋಮವಾರ. ಮುದ್ದೆ, ಅವರೆಕಾಳು ಸಾರು. ಈಗ ಸೊಗಡವರೆ ಕಾಲ. ಸಾಯಂಕಾಲ ಎಲ್ಲರೂ ಕೂತು ಒಂದು ಮೊರದ ತುಂಬಾ ಕಾಯಿ ಸುಲಿದೆವು. ಕಾಳು ಧಾರಾಳವಾಗಿತ್ತು. ಅವ್ವನ ತಟ್ಟೆಗೆ: ಮುದ್ದೆ, ಸಾರು, ಕಾಳು. ಎಲ್ಲಾ ಸರಿಯಾಗಿ ಬಿತ್ತು.

ಮಂಗಳವಾರ. ಮುದ್ದೆ, ದಂಟಿನಸೊಪ್ಪು ಅಲಸಂದೆಕಾಳಿನ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತಾರೆ. ಆ ನೀರಿಗೆ ಖಾರ ಅರೆದು ಹಾಕಿದರೆ ಸಾರು, ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಇದರಲ್ಲಿ ಒಂದು ವಿಜ್ಞಾನ ಇದೆ. ಸೊಪ್ಪಿನಲ್ಲಿರುವ ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುತ್ತವೆ. ಬೇಯಿಸಿದ ನೀರು ಚೆಲ್ಲಿದರೆ ಅವೂ ಚೆಲ್ಲಿಹೋದಂತೆ. ಬಸ್ಸಾರಿನಲ್ಲಿ ಒಂದು ತೊಟ್ಟೂ ಚೆಲ್ಲುವುದಿಲ್ಲ. ಅವ್ವನ ತಟ್ಟೆಗೆ: ಮುದ್ದೆ, ಸಾರು. ಪಲ್ಯ ಮುಗಿದಿತ್ತು. ಬಾಂಡಲಿಗೆ ಅಂಟಿದ್ದನ್ನು ಮುದ್ದೆಯ ತುಂಡಿನಿಂದ ಒರೆಸಿಕೊಂಡಳು.

ಬುಧವಾರ. ಮುದ್ದೆ, ಮೊಳಕೆ ಹುರುಳಿಕಾಳು ಸಾರು. ಹುರುಳಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ. ಮೊಳಕೆ ಬಂದಾಗ ಮೊದಲು ಹೇಳಿದ ಫೈಟೇಟ್ ಕಡಿಮೆಯಾಗಿ ಕಬ್ಬಿಣಾಂಶ ಮೈಗೆ ಹತ್ತುವುದು ಸುಲಭವಾಗುತ್ತದೆ. ಅವ್ವನ ತಟ್ಟೆಗೆ: ಮುದ್ದೆ, ಸಾರು, ಕಾಳು. ಕಾಳು ಪಾತ್ರೆಯ ತಳಕ್ಕೆ ಇಳಿದಿದ್ದರಿಂದ ಕೊನೆಯವರಿಗೂ ಸಿಕ್ಕಿತು.

ಗುರುವಾರ. ಮುದ್ದೆ, ಉಪ್ಸಾರು, ನುಗ್ಗೆಸೊಪ್ಪಿನ ಪಲ್ಯ. ಉಪ್ಪು ಹಾಕಿ ಬೇಯಿಸಿದ ಸೊಪ್ಪು ಬೇಳೆಯ ನೀರೇ ಸಾರು. ಮೇಲೆ ಕಲಸಿಕೊಳ್ಳಲು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದ ಖಾರ. ನುಗ್ಗೆಮರ ನಮ್ಮ ಹಿತ್ತಿಲಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಅವ್ವನ ತಟ್ಟೆಗೆ: ಮುದ್ದೆ, ಉಪ್ಸಾರು, ಖಾರ. ಪಲ್ಯ ಇಲ್ಲ.

ಶುಕ್ರವಾರ. ಅನ್ನ, ಟೊಮೇಟೊ ತಿಳಿಸಾರು. ಅವತ್ತು ಅವ್ವ ಅಪ್ಪ ಇಬ್ಬರೂ ಕಣದಲ್ಲಿ ರಾಗಿ ತೂರಿ ಕತ್ತಲಾದ ಮೇಲೆ ಬಂದರು. ಮುದ್ದೆ ತಿರುವಲು ಅವ್ವನಿಗೆ ರಟ್ಟೆಯಲ್ಲಿ ಶಕ್ತಿ ಇರಲಿಲ್ಲ. ಸೊಸೈಟಿ ಅಕ್ಕಿಯಲ್ಲಿ ಅಕ್ಕ ಅನ್ನ ಮಾಡಿದಳು. ಈ ಊಟದಲ್ಲಿ ಕಾಳೂ ಇಲ್ಲ, ಸೊಪ್ಪೂ ಇಲ್ಲ. ಹೊಟ್ಟೆ ತುಂಬಿತು, ಅಷ್ಟೆ. ಅವ್ವನ ತಟ್ಟೆಗೆ: ಅನ್ನ, ಸಾರು, ಎಲ್ಲರಂತೆ. ಉಂಡ ಕೂಡಲೇ ಮೈಕೈ ನೋವು ಅಂತ ಒಂದು ಲೋಟ ಟೀ ಕುಡಿದಳು. ಊಟದ ಜೊತೆ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಮ್ಮಿಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಬೇಕು.

ಶನಿವಾರ. ಮುದ್ದೆ, ಮಸ್ಸೊಪ್ಪು. ಅಜ್ಜಿ ತೋಟದ ಬದಿಯಿಂದ ಬೆರಕೆ ಸೊಪ್ಪು ಕಿತ್ತು ತಂದಳು. ಹೊನಗೊನ್ನೆ, ಅಣ್ಣೆ, ಗಣಿಕೆ, ಕೀರೆ ಎಲ್ಲಾ ಇತ್ತು. ಒಂದೊಂದರ ಹೆಸರನ್ನೂ ಅಜ್ಜಿ ಹೇಳಿಕೊಟ್ಟಳು. ತೊಗರಿಬೇಳೆ ಜೊತೆ ಬೇಯಿಸಿ ಮಸೆದು ಒಗ್ಗರಣೆ ಹಾಕಿದರು. ಅವ್ವನ ತಟ್ಟೆಗೆ: ಮುದ್ದೆ, ಮಸ್ಸೊಪ್ಪು. ಎಲ್ಲರಿಗೆ ಬಿದ್ದಷ್ಟೇ ಬೇಳೆ, ಸೊಪ್ಪು ಅವ್ವನಿಗೂ ಬಿತ್ತು.

ಭಾನುವಾರ. ಮುದ್ದೆ, ನಾಟಿಕೋಳಿ ಸಾರು. ಕೋಳಿ ಚಿಕ್ಕದು, ಜನ ಏಳು. ಮಾಂಸದಲ್ಲಿರುವ ಕಬ್ಬಿಣಾಂಶ ಬೇಗ ರಕ್ತಕ್ಕೆ ಸೇರುತ್ತದೆ, ಅಲ್ಲದೆ ಮುದ್ದೆಯ ಕಬ್ಬಿಣಾಂಶವನ್ನೂ ಸೇರಿಸಲು ಸಹಾಯ ಮಾಡುತ್ತದೆ. ಅವ್ವನ ತಟ್ಟೆಗೆ: ಮುದ್ದೆ, ಸಾರು, ಕತ್ತಿನ ಚೂರು ಒಂದು. (ನಮ್ಮ ತರಗತಿಯಲ್ಲಿ ಮಾಂಸ ತಿನ್ನದ ಮನೆಯವರೂ ಇದ್ದಾರೆ. ಅವರು ಕಾಳು, ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಬಹುದು.)

4. ಲೆಕ್ಕದಿಂದ ತಿಳಿದದ್ದು

ಮೊದಲನೆಯದು. ನಮ್ಮ ಮನೆಯ ಅಡಿಗೆ ಕೆಟ್ಟದ್ದಲ್ಲ. ಏಳರಲ್ಲಿ ಆರು ರಾತ್ರಿ ಕಾಳು ಅಥವಾ ಸೊಪ್ಪು ಅಥವಾ ಮಾಂಸ ಇತ್ತು. ಅದರಲ್ಲಿ ಹೆಚ್ಚಿನದು ನಮ್ಮ ಹೊಲ, ಹಿತ್ತಿಲಿನದು.

ಎರಡನೆಯದು. ಆ ಆರು ರಾತ್ರಿಯಲ್ಲಿ ಅವ್ವನಿಗೆ ಪೂರ್ತಿ ಊಟ ಸಿಕ್ಕಿದ್ದು ಮೂರು ರಾತ್ರಿ ಮಾತ್ರ: ಸೋಮವಾರ, ಬುಧವಾರ, ಶನಿವಾರ. ಉಳಿದ ಮೂರು ರಾತ್ರಿ ಮುದ್ದೆ ಸಾರು ಸಿಕ್ಕಿತು, ಮುಖ್ಯವಾದ್ದು ಸಿಗಲಿಲ್ಲ.

ಮೂರನೆಯದು. ಇದನ್ನು ನಾನು ಶನಿವಾರ ಕಂಡುಕೊಂಡೆ. ಸೊಪ್ಪು ಕಾಳು ಸಾರಿನೊಳಗೇ ಇದ್ದ ದಿನ (ಅವರೆಕಾಳು ಸಾರು, ಹುರುಳಿಕಾಳು ಸಾರು, ಮಸ್ಸೊಪ್ಪು) ಕೊನೆಯವರಿಗೂ ಪಾಲು ಬಂತು. ಪಲ್ಯ ಬೇರೆ, ಸಾರು ಬೇರೆ ಮಾಡಿದ ದಿನ (ಬಸ್ಸಾರು, ಉಪ್ಸಾರು) ಪಲ್ಯ ಮೊದಲೇ ಮುಗಿಯಿತು. ಸಾರು ಕಮ್ಮಿ ಬಿದ್ದರೆ ನೀರು ಬೆರೆಸಿ ಹೆಚ್ಚು ಮಾಡಬಹುದು. ಪಲ್ಯಕ್ಕೆ ನೀರು ಬೆರೆಸಲು ಆಗುವುದಿಲ್ಲ. ಕೋಳಿ ಚೂರೂ ಹಾಗೆಯೇ.

ನಾಲ್ಕನೆಯದು. ದಿನಕ್ಕೆ ಎಷ್ಟು ಕಬ್ಬಿಣಾಂಶ ಬೇಕು ಎಂದು 2020ರಲ್ಲಿ ನಮ್ಮ ದೇಶದ ತಜ್ಞರು ಲೆಕ್ಕ ಕೊಟ್ಟಿದ್ದಾರೆ. ದೊಡ್ಡ ಗಂಡಸರಿಗೆ 19 ಮಿ.ಗ್ರಾಂ., ದೊಡ್ಡ ಹೆಂಗಸರಿಗೆ 29 ಮಿ.ಗ್ರಾಂ. ಅಪ್ಪನಿಗಿಂತ ಅವ್ವನಿಗೆ 10 ಮಿ.ಗ್ರಾಂ. ಜಾಸ್ತಿ ಬೇಕು. ಯಾರಿಗೆ ಜಾಸ್ತಿ ಬೇಕೋ ಅವರೇ ಕೊನೆಗೆ ಉಣ್ಣುತ್ತಾರೆ. ಇದು ನಮ್ಮ ಮನೆ ಒಂದರ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು.

ರಕ್ತಹೀನತೆ ಅಂದರೇನು? ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಮೈಯೆಲ್ಲಾ ಹೊತ್ತು ತಿರುಗುತ್ತದೆ. ಅದನ್ನು ಮಾಡಲು ಕಬ್ಬಿಣಾಂಶ ಬೇಕು. ಅದು ಕಮ್ಮಿಯಾದರೆ ಸುಸ್ತು, ಏದುಸಿರು, ತಲೆಸುತ್ತು ಬರುತ್ತದೆ. ಶುಕ್ರವಾರ ಅವ್ವನ ರಟ್ಟೆಯಲ್ಲಿ ಶಕ್ತಿ ಇರಲಿಲ್ಲ ಅಂತ ಬರೆದಿದ್ದೇನಲ್ಲಾ, ಅದಕ್ಕೆ ಕಣದ ಕೆಲಸ ಒಂದೇ ಕಾರಣ ಇರಲಾರದು ಎಂದು ಮೇಷ್ಟ್ರು ಹೇಳಿದರು.

5. ಮನೆಯಲ್ಲಿ ಓದಿ ಹೇಳಿದಾಗ

ಭಾನುವಾರ ರಾತ್ರಿ ಈ ಲೆಕ್ಕವನ್ನು ಜಗಲಿಯ ಮೇಲೆ ಎಲ್ಲರಿಗೂ ಓದಿದೆ. ಅಪ್ಪ ನಕ್ಕು, "ಇವಳು ಪಂಚಾಯ್ತಿಗೆ ಸೇರಿಸೋ ಹಂಗೆ ಲೆಕ್ಕ ಬರ್ದವ್ಳೆ" ಅಂದರು. ಆಮೇಲೆ ಸುಮ್ಮನಾದರು. ಅವ್ವ "ನಂಗೇನಾಗದೆ, ದುಡಿಯೋರು ಉಣ್ಲಿ, ಬೆಳೆಯೋ ಮಕ್ಳು ಉಣ್ಲಿ" ಅಂದಳು. ಅದಕ್ಕೆ ತಾತ, "ನೀನೇನು ದುಡಿಯಲ್ವಾ?" ಅಂದರು.

ಅಜ್ಜಿ ಹೇಳಿದ ಮಾತು ನನಗೆ ಬಹಳ ಸರಿ ಕಂಡಿತು. "ಕಣದಲ್ಲಿ ರಾಶಿ ಆದಾಗ ಮೊದಲು ಬಿತ್ತನೆ ಬೀಜಕ್ಕೆ ಅಂತ ತೆಗೆದಿಟ್ಟು ಆಮೇಲೆ ತಾನೆ ತಿನ್ನೋಕೆ ಅಳೆಯೋದು? ಹಂಗೇ ಪಲ್ಯ ಇಳಿಸಿದ ತಕ್ಷಣ ಅವಳ ಪಾಲು ಬಟ್ಲಲ್ಲಿ ತೆಗೆದಿಡಿ. ಉಳಿದಿದ್ದು ನಾವು ಹಂಚ್ಕೊಳ್ಳೋಣ."

ಸೋಮವಾರದಿಂದ ಅಕ್ಕ ಅದೇ ರೀತಿ ಮಾಡುತ್ತಿದ್ದಾಳೆ. ಬಟ್ಟಲ ಮೇಲೆ ತಟ್ಟೆ ಮುಚ್ಚಿ ನೆಲುವಿನ ಮೇಲೆ ಇಡುತ್ತಾಳೆ. ಎರಡನೇ ವಾರದಲ್ಲೂ ನಾನು ಬರೆದಿಟ್ಟಿದ್ದೇನೆ. ಆ ವಾರ ಏಳು ರಾತ್ರಿಯಲ್ಲಿ ಐದು ರಾತ್ರಿ ಅವ್ವ ತನ್ನ ಬಟ್ಟಲಿನದು ತಾನೇ ಉಂಡಳು. ಎರಡು ರಾತ್ರಿ ತಮ್ಮ "ಇನ್ನಷ್ಟು ಪಲ್ಯ" ಅಂದಾಗ ಅವನ ತಟ್ಟೆಗೆ ಹಾಕಿಬಿಟ್ಟಳು. ಅದಕ್ಕೆ ಈಗ ಭಾನುವಾರ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಅಕ್ಕ ನಾನು ಬಡಿಸುತ್ತೇವೆ.

ಊಟ ಒಂದರಿಂದಲೇ 9 ಗ್ರಾಂ ಬೇಗ 12 ಆಗುವುದಿಲ್ಲ, ಆರೋಗ್ಯ ಕೇಂದ್ರದವರು ಕೊಟ್ಟ ಮಾತ್ರೆ ಬಿಡಬಾರದು ಎಂದು ಆಶಾ ಅಕ್ಕ ಹೇಳಿದ್ದಾರೆ. ಮಾತ್ರೆಯನ್ನು ಟೀ ಜೊತೆ ನುಂಗಬಾರದು. ಮಾರ್ಚ್ ತಿಂಗಳಲ್ಲಿ ಮತ್ತೆ ರಕ್ತ ಪರೀಕ್ಷೆ ಇದೆ. ಬಂದ ಅಂಕಿಯನ್ನು ಇದೇ ಗೋಡೆ ಪತ್ರಿಕೆಯಲ್ಲಿ ಬರೆಯುತ್ತೇನೆ.

6. ನಾವು ಮಾಡಬಹುದಾದ್ದು

(1) ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಬಿಸಾಡಬಾರದು. ಊಟವಾದ ಮೇಲೆ ನುಂಗಬೇಕು. ಹುಡುಗರಿಗೂ ಅದು ಬೇಕು.
(2) ಜಂತುಹುಳುವಿನ ಮಾತ್ರೆ ತಪ್ಪಿಸಬಾರದು. ಕೊಕ್ಕೆಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಅದು ಬರಿಗಾಲಿನ ಚರ್ಮದಿಂದ ಒಳಗೆ ಹೋಗುತ್ತದೆ. ಬಯಲಿಗೆ, ತಿಪ್ಪೆಯ ಕಡೆಗೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಬೇಕು.
(3) ಮುದ್ದೆ ಜೊತೆ ಕಾಳು ಅಥವಾ ಸೊಪ್ಪು ದಿನಾ ಇರಲಿ. ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ.
(4) ಕೆಲಸ ಜಾಸ್ತಿ ಇದ್ದು ಅನ್ನ ತಿಳಿಸಾರು ಮಾಡುವ ದಿನ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜವನ್ನಾದರೂ ಜೊತೆಗೆ ತಿನ್ನಿ.
(5) ಪಲ್ಯ ಇಳಿಸಿದ ಕೂಡಲೇ ಕೊನೆಗೆ ಉಣ್ಣುವವರ ಪಾಲು ತೆಗೆದಿಡಿ.

ಅಭ್ಯಾಸ

ಗೆಳೆಯರೇ, ನಿಮ್ಮ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು ಒಂದು ವಾರ ಬರೆಯಿರಿ: ವಾರ, ಮಾಡಿದ ಅಡಿಗೆ, ಕೊನೆಗೆ ಉಂಡವರು, ಅವರ ತಟ್ಟೆಗೆ ಬಿದ್ದದ್ದು.

ಆಮೇಲೆ ಉತ್ತರಿಸಿ:
1. ನಿಮ್ಮ ಮನೆಯಲ್ಲಿ ಎಷ್ಟು ರಾತ್ರಿ ಕಾಳು, ಎಷ್ಟು ರಾತ್ರಿ ಸೊಪ್ಪು ಇತ್ತು?
2. ಬಸ್ಸಾರಿಗೂ ಮಸ್ಸೊಪ್ಪಿಗೂ ಇರುವ ವ್ಯತ್ಯಾಸವೇನು? ಕೊನೆಗೆ ಉಣ್ಣುವವರಿಗೆ ಯಾವುದು ಅನುಕೂಲ? ಯಾಕೆ?
3. ನಿಮ್ಮ ಅಜ್ಜಿಯನ್ನು ಕೇಳಿ ಐದು ಬೆರಕೆ ಸೊಪ್ಪಿನ ಹೆಸರು ಬರೆಯಿರಿ.
4. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಅವರನ್ನು ಒಂದು ದಿನ ಕೂರಿಸಿ ನೀವೇ ಬಡಿಸಿರಿ.

ನಾಲ್ಕನೇ ಪ್ರಶ್ನೆಗೆ ಉತ್ತರ ಬರೆಯಬೇಕಾಗಿಲ್ಲ, ಮಾಡಿದರೆ ಸಾಕು.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ